ಇಲ್ಲೂ ರಗ್ಬಿ ಆಡ್ತಾರಾ? ಹೂಂ, ಆಡ್ತಾರೆ

ಆಡುತ್ತಾರೆ. ನನ್ನ ಉತ್ತರ ಇಷ್ಟೇ. ಆದರೆ ಕೇಳಿದವರು ಅಷ್ಟಕ್ಕೇ ಬಿಡುವುದಿಲ್ಲ. "ಹೆಲ್ಮೆಟ್ ಹಾಕ್ಕೊಂಡು ಆಡೋದಲ್ವಾ?" ಅಲ್ಲ, ಅದು ಅಮೆರಿಕದವರ ಫುಟ್‌ಬಾಲ್. ನಮ್ಮದರಲ್ಲಿ ಹಲ್ಲಿಗೆ ಒಂದು ಮೌತ್‌ಗಾರ್ಡ್, ಮುಗೀತು. "ದುಡ್ಡು ಕೊಡ್ತಾರಾ?" ಇಲ್ಲ, ನಾವೇ ಕೊಡುತ್ತೇವೆ. ಗ್ರೌಂಡಿಗೆ, ಬಾಲಿಗೆ, ಐಸಿಗೆ. ಇಲ್ಲಿಗೆ ಮಾತು ನಿಲ್ಲುತ್ತದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದಾಗ ಜನ ಒಂಥರಾ ಮುಖ ಮಾಡುತ್ತಾರಲ್ಲ, ಹಾಗೆ ಮಾಡಿ ಎದ್ದು ಹೋಗುತ್ತಾರೆ.

ಒಂಬತ್ತು ವರ್ಷದಿಂದ ಬೆಂಗಳೂರಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಆಡುತ್ತಿದ್ದೇನೆ. ಅಷ್ಟೂ ವರ್ಷ ಇದೇ ಪ್ರಶ್ನೆ. ಆ "ಇಲ್ಲೂ" ಅನ್ನೋದರಲ್ಲಿ ಕೊನೆಗೊಂದು "ಊ" ಇದೆಯಲ್ಲ, ನನಗೆ ಉರಿಯುವುದು ಅದಕ್ಕೆ. ಕ್ರಿಕೆಟ್ ಆಡುವವನನ್ನು ಯಾರಾದರೂ "ಇಲ್ಲೂ ಆಡ್ತಾರಾ" ಅಂತ ಕೇಳಿದ್ದಾರಾ? ಅದೂ ಬ್ರಿಟಿಷರು ತಂದಿದ್ದೇ. ಕೊಲ್ಕತ್ತಾದಲ್ಲಿ 1872ರ ಕ್ರಿಸ್ಮಸ್ ದಿನ ರಗ್ಬಿ ಪಂದ್ಯ ನಡೆದಿತ್ತು. ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು ಒಟ್ಟಾಗಿ. ಮರುವರ್ಷ ಜನವರಿಯಲ್ಲೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಅಂತ ಶುರುವಾಯಿತು. ಹೆಸರು ಫುಟ್‌ಬಾಲ್, ಆಡಿದ್ದು ರಗ್ಬಿ. ಆಡಿದವರು ನಮ್ಮವರಲ್ಲ, ಗೊತ್ತು, ಅದನ್ನು ಹೇಳೋಕೆ ಕಾಮೆಂಟ್ ಹಾಕಬೇಡಿ.

ಈ ಬರಹ ಬರೆಯುವಂತಾಗಿದ್ದು ತಿಪಟೂರಿನ ಒಂದು ಮದುವೆಯಿಂದ. ಹಿಂದಿನ ಭಾನುವಾರ ಒಬ್ಬನ ಮೊಣಕೈ ತಾಗಿ ನನ್ನ ಎಡಗಣ್ಣು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಮ್ಮ ಕೇಳಿದವರಿಗೆಲ್ಲ "ಬಚ್ಚಲಲ್ಲಿ ಜಾರಿ ಬಿದ್ದ" ಅಂತ ಹೇಳುತ್ತಿದ್ದಳು. ಮೂವತ್ತನಾಲ್ಕು ವರ್ಷದ ಮಗ ಬಚ್ಚಲಲ್ಲಿ ಬೀಳುವುದು ಅವಳಿಗೆ ಮರ್ಯಾದೆಯ ವಿಷಯ, ಮೈದಾನದಲ್ಲಿ ಬೀಳುವುದು ಅಲ್ಲ. ಊಟ ಮುಗಿಸಿ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಸೋದರಮಾವ ಬಂದು ಪಕ್ಕದಲ್ಲಿ ಕೂತರು. ನನ್ನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದರು.

"ಬಚ್ಚಲಲ್ಲಂತೆ?"

"ಇಲ್ಲ ಮಾವ. ರಗ್ಬಿ."

"ಇಲ್ಲೂ ಆಡ್ತಾರೇನೋ ಅದನ್ನ?"

ನನಗೆ ತಲೆ ಕೆಟ್ಟಿತು. ತಾಂಬೂಲದ ಚೀಲದಿಂದ ತೆಂಗಿನಕಾಯಿ ತೆಗೆದೆ. ಆ ಕಡೆಯ ಕಾಯಿ ನೋಡಿದ್ದೀರಲ್ಲ, ಸುಲಿದ ಮೇಲೂ ಎರಡು ಕೈ ಬೇಕು ಹಿಡಿಯೋಕೆ. ಬಾಲ್ ಸುಮಾರು ಹೀಗೇ ಇರುತ್ತೆ ಮಾವ, ಇನ್ನೂ ಉದ್ದಕೆ. ಇದನ್ನು ಎತ್ತಿಕೊಂಡು ಓಡಿ ಹೋಗಿ ಆ ಕೊನೆಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು, ಐದು ಪಾಯಿಂಟ್. ಆಮೇಲೆ ಕಂಬದ ನಡುವೆ ಒದ್ದರೆ ಇನ್ನೆರಡು. ಒದೆಯಬಹುದು ಮುಂದಕ್ಕೆ, ಆದರೆ ಕೈಯಲ್ಲಿ ಎಸೆಯೋದಾದರೆ ಹಿಂದಕ್ಕೇ ಎಸೆಯಬೇಕು. ಇಷ್ಟು ಹೇಳಿ ಹೆಗಲ ಪಕ್ಕದಿಂದ ಚಿಕ್ಕಪ್ಪನ ಮಗನ ಕಡೆ ಕಾಯಿ ಎಸೆದೆ. ಅವನು ಮೊಬೈಲ್ ನೋಡುತ್ತಿದ್ದ. ಕಾಯಿ ಸಿಮೆಂಟಿಗೆ ಬಿದ್ದು ಎರಡು ಹೋಳಾಯಿತು. ಅತ್ತೆ ಒಳಗಿಂದಲೇ ಕೂಗಿಕೊಂಡರು.

ಮಾವ ಮಾತ್ರ ಹುಬ್ಬು ಗಂಟಿಕ್ಕಿ ಯೋಚನೆ ಮಾಡುತ್ತಿದ್ದರು. "ಹಿಂದಕ್ಕೆ ಎಸೆದ್ರೆ ಮುಂದಕ್ಕೆ ಹೋಗೋದು ಹೆಂಗೋ?"

ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆ ಪ್ರಶ್ನೆ ಇದು. ಬಾಲ್ ಹಿಂದಕ್ಕೆ ಹೋಗುತ್ತದೆ, ಹಿಂದಿನಿಂದ ಓಡಿ ಬರುವವನು ಅದನ್ನು ಹಿಡಿದು ಮುಂದಕ್ಕೆ ತರುತ್ತಾನೆ. ಅಂದರೆ ನಿನ್ನ ಹಿಂದೆ ಒಬ್ಬ ಬರುತ್ತಿರಲೇಬೇಕು. ಬಾರದಿದ್ದರೆ ಕಾಯಿ ಸಿಮೆಂಟಿಗೇ.

ಕ್ಲಬ್ಬಿನ ಕಥೆಯೂ ಅಷ್ಟೇ. ಕಲ್ಕತ್ತಾದ ಆ ಕ್ಲಬ್ಬಿನಲ್ಲಿ ಮೊದಮೊದಲು ಬೇಕಾದಷ್ಟು ಜನ ಇದ್ದರು. ಯಾಕೆ ಗೊತ್ತಾ? ಸದಸ್ಯರಿಗೆ ಬಾರಿನಲ್ಲಿ ಕುಡಿಯೋದು ಫ್ರೀ. ಅದು ನಿಂತಿತು, ಜನ ಕರಗಿದರು. 1876ರಲ್ಲಿ ಅಲ್ಲಿದ್ದ ಒಂದು ರೆಜಿಮೆಂಟ್ ಬೇರೆ ಕಡೆ ಹೋಯಿತು. ಉಳಿದವರಿಗೆ ಆ ಸೆಖೆಗೆ ಟೆನಿಸ್, ಪೋಲೋ ವಾಸಿ ಅನ್ನಿಸಿತು. ಕೊನೆಗೆ ಖಾತೆಯಲ್ಲಿದ್ದ ದುಡ್ಡನ್ನು ಬೆಳ್ಳಿ ರೂಪಾಯಿಗಳಾಗಿಯೇ ತೆಗೆಸಿದರು, 270 ನಾಣ್ಯ, ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಕಲ್ಕತ್ತಾ ಕಪ್‌ಗೆ ಆಡುತ್ತಿವೆ. 1988ರಲ್ಲಿ ಇಬ್ಬರು ಆಟಗಾರರು ಅದನ್ನು ಎಡಿನ್‌ಬರೋದ ಬೀದಿಯಲ್ಲಿ ಬಾಲ್ ಥರ ಒದ್ದು ಚಪ್ಪಟೆ ಮಾಡಿದ್ದರು, ಆಮೇಲೆ ರಿಪೇರಿ. ಜನ ಬಾರದೆ ಮುಚ್ಚಿದ ಕ್ಲಬ್ಬಿನ ಚಿಲ್ಲರೆಗೆ ಇವತ್ತಿಗೂ ಎರಡು ದೇಶ ಮೈದಾನಕ್ಕೆ ಇಳಿಯುತ್ತಿವೆ.

ನಮ್ಮ ಖಾತೆಯಲ್ಲಿ ಇರುವುದನ್ನು ಕರಗಿಸಿದರೆ ಚಮಚವೂ ಆಗಲ್ಲ. ಶುರು ಮಾಡಿದಾಗ ನಾಲ್ಕು ಜನ, ಒಂದು ಬಾಲ್, ಅದರಲ್ಲೂ ಗಾಳಿ ನಿಲ್ಲುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಅದೇ ಮೈದಾನದಲ್ಲಿ ನಾಲ್ಕು ಟೆನಿಸ್ ಬಾಲ್ ಮ್ಯಾಚ್ ನಡೆಯುತ್ತವೆ, ನಮಗೆ ಸಿಗುವುದು ಗೇಟಿನ ಪಕ್ಕದ ಮೂಲೆ, ಜಲ್ಲಿಕಲ್ಲಿನದು. 2016ರಲ್ಲಿ ಏಳು ಜನರ ರಗ್ಬಿ ಒಲಿಂಪಿಕ್ಸ್‌ಗೆ ಬಂತು, ಗಂಡಸರಲ್ಲಿ ಫಿಜಿ ಚಿನ್ನ ಗೆದ್ದಿತು. ಅದನ್ನು ನೋಡಿ ಹುಚ್ಚು ಹಿಡಿಸಿಕೊಂಡವರೇ ನಾವು ನಾಲ್ವರು. 2025ರಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಅನ್ನೋ ಟೂರ್ನಿ ನಡೆಯಿತು, ಬೆಂಗಳೂರಿನ ಹೆಸರಲ್ಲೂ ಒಂದು ತಂಡ ಇತ್ತು, ಆಗ ಇನ್ನಷ್ಟು ಹುಡುಗರು ಬಂದರು. ಅರ್ಧ ಜನ ಮೊದಲ ಟ್ಯಾಕಲ್, ಅಂದರೆ ಬಾಲ್ ಹಿಡಿದವನನ್ನು ಹಿಡಿದು ಕೆಡವೋದು, ಬಿದ್ದ ದಿನವೇ ನಾಪತ್ತೆ. ಉಳಿದವರಲ್ಲಿ ಗಟ್ಟಿಯಾದ ಇಬ್ಬರು ಮಂಡ್ಯ ಕಡೆಯ ಕಬಡ್ಡಿ ಹುಡುಗರು. ಅವರಿಗೆ ಹಿಡಿಯೋದನ್ನು ಕಲಿಸಬೇಕಾಗಿಲ್ಲ. ಬಿಡೋದನ್ನು ಕಲಿಸೋಕೆ ಆರು ತಿಂಗಳು ಬೇಕಾಯಿತು. ರಗ್ಬಿಯಲ್ಲಿ ಕೆಡವಿದ ತಕ್ಷಣ ಕೈ ಬಿಡಬೇಕು. ಕಬಡ್ಡಿಯಲ್ಲಿ ಹಾಗೆ ಬಿಟ್ಟರೆ ಊರಿಗೆ ಹೋಗೋ ಹಾಗಿಲ್ಲ.

ದುಡ್ಡಿನ ಮಾತಿಗೆ ಒಂದು ಉತ್ತರ ಬಾಕಿ ಇದೆ. ಆಟಕ್ಕೆ ಬಂದರೆ ಕೂಲಿ ತಪ್ಪುತ್ತದೆ, ಅದನ್ನಾದರೂ ಕಟ್ಟಿಕೊಡೋಕೆ ಬಿಡಿ ಅಂತ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೇಳಿದ್ದವು. ಆಟ ನಡೆಸುವ ರಗ್ಬಿ ಯೂನಿಯನ್‌ನವರು ಒಪ್ಪಲಿಲ್ಲ. 1895ರಲ್ಲಿ ಅವು ಬೇರೆಯಾದವು, ರಗ್ಬಿ ಲೀಗ್ ಅನ್ನೋ ಇನ್ನೊಂದು ಆಟ ಹುಟ್ಟಿದ್ದು ಹಾಗೆ. ನಾವು ಆಡುವ ಯೂನಿಯನ್ ಆಟದಲ್ಲಿ ದುಡ್ಡು ತಗೊಂಡು ಆಡಬಹುದು ಅಂತಾಗಿದ್ದು 1995ರಲ್ಲಿ, ಅಂದರೆ ಸರಿಯಾಗಿ ನೂರು ವರ್ಷಕ್ಕೆ. ನಮ್ಮ ಮೂಲೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾಗಿ ನನ್ನನ್ನು ಏನಾದರೂ ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ನಾಳೆ ಎಷ್ಟು ಜನ ಬರ್ತಾರೆ? ಶನಿವಾರ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ನಾನು ಕೇಳುವುದು ಇದನ್ನೇ. ಇವತ್ತು ಶನಿವಾರ. ಹನ್ನೊಂದು ಜನ ಬರ್ತೀನಿ ಅಂದಿದ್ದಾರೆ. ಅದರಲ್ಲಿ ಮೂವರು ಸುಳ್ಳು ಹೇಳುತ್ತಿದ್ದಾರೆ, ಯಾರು ಅಂತಲೂ ಗೊತ್ತು.