ಶಂಖದ ಹುಳುವನ್ನು ಹಗಲಲ್ಲಿ ಹುಡುಕಿ

ಬೀನ್ಸ್ ಸಸಿಯ ಎಲೆಯೆಲ್ಲ ಒಂದೇ ರಾತ್ರಿಯಲ್ಲಿ ಖಾಲಿಯಾಗಿ ಬರೀ ಕಡ್ಡಿ ನಿಂತಿದೆಯಾ? ಮಣ್ಣಿನ ಮೇಲೆ ಒಣಗಿದ ಲೋಳೆಯ ಹೊಳೆಯುವ ಗೆರೆ ಇದ್ದರೆ ಅದು ಶಂಖದ ಹುಳುವಿನ ಕೆಲಸ. ನಾನು ಹೇಳುತ್ತಿರುವುದು ಆಫ್ರಿಕಾದ ದೈತ್ಯ ಬಸವನಹುಳುವಿನ ಬಗ್ಗೆ. ನನ್ನ ತೋಟದಲ್ಲಿ ಅದು ಪಪ್ಪಾಯ ಸಸಿಯ ತೊಗಟೆಯನ್ನೂ ಬಿಡಲಿಲ್ಲ.

ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದು ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಹಗಲಲ್ಲಿ ಅದು ಮಲಗುವ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕಲ್ಲಿನ ಸಂದು, ಒಣಗಿದ ಗರಿಗಳ ರಾಶಿ, ಮೂಲೆಗೆ ಎಸೆದ ಹಲಗೆ, ಗೊಬ್ಬರದ ಗುಂಡಿಯ ಅಂಚು ನೋಡಿ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಎಲೆಕೋಸಿನ ಎಲೆ ಇಟ್ಟರೆ ಬೆಳಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇಲಿಯ ಶ್ವಾಸಕೋಶದ ಹುಳು ಎಂಬ ಪರಾವಲಂಬಿ ಇದರ ಮೈಯಲ್ಲಿರಬಹುದು. ಅದು ಮನುಷ್ಯರ ಮಿದುಳಿನ ಪೊರೆಗೂ ತೊಂದರೆ ಕೊಡುತ್ತದೆ. ಗ್ಲೌಸ್ ಹಾಕಿಕೊಂಡು ಹೆಕ್ಕಿ, ಬಕೆಟ್‌ನಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಸುಮ್ನೆ ಹೊಲಕ್ಕೆ ಎರಚಿದರೆ ಮಣ್ಣು ಕೆಡುತ್ತದೆ.

ಮೊಟ್ಟೆಗಳನ್ನು ಮರೆಯಬೇಡಿ. ಸಡಿಲ ಮಣ್ಣನ್ನು ಸ್ವಲ್ಪ ಕೆದಕಿದರೆ ಸುಮಾರು 5 ಮಿ.ಮೀ. ಗಾತ್ರದ ತಿಳಿಹಳದಿ ಗುಂಡುಗಳು ಸಿಗುತ್ತವೆ. ಒಂದೇ ಗೂಡಿನಲ್ಲಿ 100ಕ್ಕೂ ಜಾಸ್ತಿ ಇರಬಹುದು. ಪ್ರತಿ ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಅಂಗಗಳಿವೆ. ಒಮ್ಮೆ ಕೂಡಿದರೆ ಸಾಕು, ತಿಂಗಳುಗಟ್ಟಲೆ ಮೊಟ್ಟೆ ಇಡುತ್ತಲೇ ಇರುತ್ತದೆ. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳುಗಳನ್ನು ಮಯಾಮಿಗೆ ತಂದ. ಅವು ಅಜ್ಜಿಯ ತೋಟ ಸೇರಿದವು. ಕೆಲವೇ ವರ್ಷಗಳಲ್ಲಿ ಅಲ್ಲಿ 18,000ಕ್ಕೂ ಹೆಚ್ಚು ಹುಳುಗಳನ್ನು ಹಿಡಿದು ಕೊಲ್ಲಬೇಕಾಯಿತು!

ಬೇಸಿಗೆಯಲ್ಲಿ ಕಾಣದಿದ್ದರೆ ಹೋಯಿತು ಅಂದುಕೊಳ್ಳಬೇಡಿ. ಚಿಪ್ಪಿನ ಬಾಯಿಗೆ ಪೊರೆ ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ, ಮೊದಲ ಮಳೆಗೆ ಎದ್ದು ಬರುತ್ತದೆ. ನನ್ನ ಪ್ರಕಾರ ಹೆಕ್ಕಲು ಒಳ್ಳೆಯ ಕಾಲ ಆ ಮೊದಲ ಮಳೆಯ ವಾರವೇ, ಅವು ಇನ್ನೂ ಮೊಟ್ಟೆ ಇಡುವ ಮೊದಲು.

ಈ ಹುಳುವನ್ನು ಕೊಲ್ಲಲು ಹಾಕುವ ಗುಳಿಗೆಗಳಲ್ಲಿ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ಕೆಲಸ ಮಾಡುತ್ತದೆ, ನಿಜ. ಆದರೆ ನಾಯಿ ತಿಂದರೆ ಅದರ ಜೀವಕ್ಕೇ ಅಪಾಯ. ಐರನ್ ಫಾಸ್ಫೇಟ್ ಗುಳಿಗೆ ನಿಧಾನ, ಆದರೆ ಅಷ್ಟು ಭಯವಿಲ್ಲ. ಈ ಹುಳುವನ್ನು ತಿನ್ನುವ ಬೇರೆ ಜೀವಿಯನ್ನು ತಂದು ಬಿಡೋಣ ಅನ್ನುವವರಿಗೆ ಹವಾಯಿಯ ಕತೆ ಹೇಳಬೇಕು. 1955ರಲ್ಲಿ ಅಲ್ಲಿ ಬೇಟೆಗಾರ ಬಸವನಹುಳು ಒಂದನ್ನು ತಂದು ಬಿಟ್ಟರು. ಅದು ದೈತ್ಯನನ್ನು ಮುಗಿಸಲಿಲ್ಲ. ಅಲ್ಲಿಯದೇ ಆದ ಪುಟ್ಟ ಬಸವನಹುಳುಗಳನ್ನು ತಿಂದು ಹಾಕಿತು. ಅದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು.

ಈ ಹುಳು ತಾನಾಗಿ ದೂರ ಹೋಗುವುದಿಲ್ಲ, ನಾವೇ ಸಾಗಿಸುತ್ತೇವೆ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಗೆ ಅದನ್ನು ತಂದದ್ದೂ ಮನುಷ್ಯರೇ. ಇವತ್ತು ಗಿಡದ ಕುಂಡ, ಮಣ್ಣು, ಗೊಬ್ಬರದ ಜೊತೆ ಮೊಟ್ಟೆ ಬರುತ್ತದೆ. ಹೊಸ ಗಿಡ ತಂದರೆ ಕುಂಡದ ತಳದ ತೂತು ನೋಡಿ, ಮೇಲ್ಮಣ್ಣು ಕೆದಕಿ, ಆಮೇಲೆ ನೆಡಿ. ಪಕ್ಕದ ಹೊಲದವರಿಗೂ ಹೇಳಿ, ಒಂದೇ ವಾರ ಎಲ್ಲರೂ ಸೇರಿ ಹೆಕ್ಕಿ. ಬೇಲಿಯಾಚೆ ಬಿಟ್ಟದ್ದು ಈಚೆ ಬರದೇ ಇರುತ್ತದಾ?