ಪಾರ್ಕಿನಲ್ಲಿ ಬಿದ್ದ ಬಾಂಬರ್, ಮತ್ತು ಶೆಫೀಲ್ಡ್ ಜನ

ಲಂಡನ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಇಂಗ್ಲೆಂಡಿನ ಇನ್ನೊಂದು ಊರು ಶೆಫೀಲ್ಡ್‌ನ ಎಂಡ್‌ಕ್ಲಿಫ್ ಪಾರ್ಕ್ ಬಗ್ಗೆ. ತಮ್ಮ ಅಲ್ಲಿ ಓದುತ್ತಿದ್ದಾನೆ, ಅವನನ್ನು ನೋಡಲು ನಾನು, ಅಮ್ಮ ಹೋಗಿದ್ದೆವು.

ಹೋಗುವ ದಾರಿಯ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ರೈಲನ್ನು ಕೊನೇ ಗಳಿಗೆಯಲ್ಲಿ ರದ್ದು ಮಾಡಿದರು. ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲ, ಮಂಡಿನೋವಿನ ಅಮ್ಮ ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂತು ಬಂದರು. ಅಲ್ಲಿ ರೈಲು ತಡವಾದರೆ ದುಡ್ಡು ವಾಪಸ್ ಕೇಳಬಹುದು. ಅದನ್ನು ಯಾರೂ ತಾವಾಗಿ ಹೇಳಲ್ಲ, ಟಿಕೆಟ್ ಎಸೆಯಬೇಡಿ.

ಪಾರ್ಕಿನಲ್ಲಿ ಪೋರ್ಟರ್ ಅನ್ನೋ ಸಣ್ಣ ಹೊಳೆ ಹರಿಯುತ್ತದೆ, ಬಾತುಕೋಳಿಗಳಿವೆ. ಕೆಫೆ ದಾಟಿ ಹೋದರೆ ಗುಡ್ಡದ ಬುಡದಲ್ಲಿ ಒಂದು ಬಂಡೆ, ಸತ್ತವರ ಹೆಸರಿರುವ ಸ್ಮಾರಕ.

ಎರಡನೇ ಮಹಾಯುದ್ಧದ ಕಾಲ, 1944ರ ಫೆಬ್ರವರಿ 22ರಂದು ಅಮೆರಿಕದ ಬಿ-17 ಬಾಂಬರ್ ಒಂದು ಇಂಗ್ಲೆಂಡಿನ ಚೆಲ್ವೆಸ್ಟನ್ ವಾಯುನೆಲೆಯಿಂದ ಡೆನ್ಮಾರ್ಕಿನ ಆಲ್ಬೋರ್ಗ್ ಕಡೆಗೆ ದಾಳಿಗೆ ಹೊರಟಿತ್ತು. ವಿಮಾನಕ್ಕೆ 'ಮಿ ಅಮಿಗೊ' ಅಂತ ಹೆಸರು. ಜರ್ಮನ್ ವಿಮಾನಗಳ ಏಟು ತಿಂದು ವಾಪಸ್ ಬರುವಾಗ ಈ ಗುಡ್ಡಕ್ಕೆ ಬಿತ್ತು. ಒಳಗಿದ್ದ ಹತ್ತೂ ಜನ ಸತ್ತರು. ಪೈಲಟ್ ಜಾನ್ ಕ್ರೀಗ್ಸ್‌ಹೌಸರ್ ಮಿಸೌರಿಯವನು, ವಯಸ್ಸು 23.

"ಇಪ್ಪತ್ಮೂರಾ? ಇವನಿಗಿಂತ ಚಿಕ್ಕವನು," ಅಂತ ಅಮ್ಮ ತಮ್ಮನ ತೋಳು ಹಿಡಿದುಕೊಂಡರು. "ಎಲ್ಲರ ಹೆಸರೂ ಓದು." ಅವನು ಓದಿದ, ಒಂದೂ ಬಿಡದೆ.

ಅಷ್ಟರಲ್ಲಿ ನಾಯಿ ಕರೆದುಕೊಂಡು ಬಂದ ಒಬ್ಬ ಅಜ್ಜಿ ನಿಂತು ಮಾತಾಡಿಸಿದರು. 2019ರಲ್ಲಿ, ವಿಮಾನ ಬಿದ್ದು 75 ವರ್ಷ ತುಂಬಿದ ದಿನ, ಬ್ರಿಟನ್ ಮತ್ತು ಅಮೆರಿಕದ ಯುದ್ಧವಿಮಾನಗಳು ಈ ಪಾರ್ಕಿನ ಮೇಲೆ ಹಾರಿ ಗೌರವ ಕೊಟ್ಟವು. ಹುಡುಗನಾಗಿದ್ದಾಗ ವಿಮಾನ ಬಿದ್ದಿದ್ದನ್ನು ಕಂಡೆ ಎನ್ನುವ ಒಬ್ಬರು ಈ ಬಂಡೆಯನ್ನು ಎಷ್ಟೋ ವರ್ಷಗಳಿಂದ ಗುಡಿಸಿ, ಹೂ ಇಟ್ಟು ನೋಡಿಕೊಳ್ಳುತ್ತಿದ್ದರಂತೆ, ಅವರ ಆಸೆಯಿಂದಲೇ ಆ ಹಾರಾಟ ಆಗಿದ್ದು. "ಬೆಳಗ್ಗೆ ಒಂಬತ್ತೂ ಆಗಿರಲಿಲ್ಲ, ಇಲ್ಲಿ ಸಾವಿರಾರು ಜನ," ಅಂದರು ಅಜ್ಜಿ.

"ಇವರಿಗೆ ಅವರು ಏನಾಗಬೇಕು ಅಂತ ಅಷ್ಟು ಜನ ಬಂದ್ರು? ಕೇಳೋ," ಅಂದರು ಅಮ್ಮ. ತಮ್ಮ ಕೇಳಿದ.

ಅಜ್ಜಿ ಮರಗಳ ಆಚೆಗಿನ ಮನೆಗಳ ಕಡೆ ಕೈ ತೋರಿಸಿದರು. "ಸುತ್ತ ಎಲ್ಲಾ ಕಡೆ ಮನೆಗಳೇ. ಅವನು ಮನೆ ಮೇಲೆ ಬೀಳಿಸಲಿಲ್ಲ. ನಮ್ಮಮ್ಮ ಆಗ ಅಲ್ಲೇ ಇದ್ದಳು."

ಪೈಲಟ್ ಬೇಕಂತಲೇ ಪಾರ್ಕಿನತ್ತ ತಿರುಗಿಸಿದ ಅನ್ನೋದು ಆ ಊರಿನವರ ನಂಬಿಕೆ. ಅಮ್ಮ ಅಜ್ಜಿಯ ಎರಡೂ ಕೈ ಹಿಡಿದು ಕನ್ನಡದಲ್ಲೇ ಏನೇನೋ ಹೇಳಿದರು. ತಮ್ಮನಿಗೆ ಅದನ್ನು ಇಂಗ್ಲಿಷಿಗೆ ತಿರುಗಿಸಲು ಆಗಲಿಲ್ಲ, ಗಂಟಲು ಕಟ್ಟಿತ್ತು.

ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಆ ಯುದ್ಧದಲ್ಲಿ ಸತ್ತ ಬ್ರಿಟನ್ನಿನ ಬಾಂಬರ್ ಕಮಾಂಡಿನ (ವಾಯುಪಡೆಯ ಬಾಂಬರ್ ವಿಭಾಗದ) 55,573 ಜನರ ನೆನಪಿಗೆ ಕಂಬಗಳು, ಕಂಚಿನ ಪ್ರತಿಮೆಗಳ ದೊಡ್ಡ ಸ್ಮಾರಕ ಇದೆ. ಅದು ನನಗೆ ಅಷ್ಟು ತಟ್ಟಲಿಲ್ಲ. ಇಲ್ಲಿ ಒಂದು ಬಂಡೆ, ಗುಡ್ಡದಲ್ಲಿ ಆ ಹತ್ತು ಜನರಿಗೆ ನೆಟ್ಟ ಓಕ್ ಮರಗಳು, ಅಷ್ಟೇ. ನನಗೆ ಇದೇ ಜಾಸ್ತಿ.

ಹೋಗುವವರು ಸಾಧ್ಯವಾದರೆ ಫೆಬ್ರವರಿ 22ರ ಆಸುಪಾಸಿನಲ್ಲೇ ಹೋಗಿ, ಪ್ರತಿ ವರ್ಷ ಬಂಡೆ ಮುಂದೆ ಪ್ರಾರ್ಥನೆ ಮಾಡ್ತಾರೆ. ಚಳಿ ಜಾಸ್ತಿ ಇರುತ್ತೆ, ಗುಡ್ಡ ಕೆಸರು. ಒಳ್ಳೇ ಶೂ ಹಾಕಿಕೊಳ್ಳಿ.