ಹಳ್ಳವೇ ಗಡಿಯಾದ ಊರು: ಮೋಡ್ಲಾರಾಯ್ಟ್

ಜರ್ಮನಿಯ ನಕ್ಷೆಯಲ್ಲಿ ಬವೇರಿಯಾದ ಈಶಾನ್ಯ ಮೂಲೆಯನ್ನು ಹಿಗ್ಗಿಸಿ ನೋಡಿದರೆ, ಹೋಫ್ ಪಟ್ಟಣದ ಉತ್ತರಕ್ಕೆ ಮೋಡ್ಲಾರಾಯ್ಟ್ ಎಂಬ ಪುಟ್ಟ ಹಳ್ಳಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ವಾಸಿಸುವವರು ಸುಮಾರು 50 ಜನ. ಬರ್ಲಿನ್ ಗೋಡೆಯ ಕುರಿತು ಓದದವರು ವಿರಳ. ಆದರೆ ಅಂಥದೇ ಗೋಡೆಯೊಂದು ಈ ಹಳ್ಳಿಯ ನಡುವೆಯೂ 20 ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು ಎಂಬುದನ್ನು ಬಲ್ಲವರು ಕಡಿಮೆ. ಶೀತಲ ಸಮರ ಎಂದರೆ ಏನೆಂಬುದು ನನಗೆ ಮನದಟ್ಟಾದದ್ದು ರಾಜಧಾನಿಗಳ ಚರಿತ್ರೆಯಿಂದಲ್ಲ, ಈ ಹಳ್ಳಿಯ ಚರಿತ್ರೆಯಿಂದ.

ಈ ಪ್ರದೇಶಕ್ಕೆ ಫೋಗ್ಟ್‌ಲ್ಯಾಂಡ್ ಎಂದು ಹೆಸರು. ಏರಿಳಿತದ ದಿಣ್ಣೆಗಳು, ಅವುಗಳ ಮೇಲೆ ಹೊಲ ಮತ್ತು ಹುಲ್ಲುಗಾವಲು, ಅಲ್ಲಲ್ಲಿ ಕಾಡು. ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಈ ಊರಿನ ಮನೆಗಳಿವೆ. ಊರಿನ ಮಧ್ಯದಲ್ಲೇ ಟಾನ್‌ಬಾಖ್ ಎಂಬ ಹಳ್ಳ ಹರಿಯುತ್ತದೆ. ವಯಸ್ಕರು ಒಂದೇ ನೆಗೆತಕ್ಕೆ ದಾಟಬಹುದಾದಷ್ಟು ಕಿರಿದು ಅದು. ಅದರ ನೀರು ಜಾಲೆ ನದಿಯನ್ನು ಸೇರಿ, ಅಲ್ಲಿಂದ ಎಲ್ಬೆ ನದಿಯ ಮೂಲಕ ಉತ್ತರ ಸಮುದ್ರವನ್ನು ಮುಟ್ಟುತ್ತದೆ. ಭೂಗೋಳದ ದೃಷ್ಟಿಯಿಂದ ಇಷ್ಟು ನಗಣ್ಯವಾದ ನೀರಿನ ಗೆರೆಯೊಂದು ಎರಡು ಸೈನಿಕ ಒಕ್ಕೂಟಗಳ ನಡುವಿನ ಗಡಿಯಾದದ್ದು ಹೇಗೆ ಎಂಬುದೇ ನಾನು ಇಲ್ಲಿ ಹೇಳಹೊರಟಿರುವ ವಿಷಯ.

ಅದರ ಬೇರು ನೆಪೋಲಿಯನ್ನನ ಕಾಲದಲ್ಲಿದೆ. ಪ್ರಷ್ಯಾದ ಕೈಯಿಂದ ಫ್ರೆಂಚರ ವಶಕ್ಕೆ ಬಂದಿದ್ದ ಬೈರಾಯ್ಟ್ ಸಂಸ್ಥಾನವನ್ನು ಅವನು 1810ರಲ್ಲಿ ಬವೇರಿಯಾದ ಅರಸನಿಗೆ ಮಾರಿದ. ಆಗ ಟಾನ್‌ಬಾಖ್‌ನ ಒಂದು ದಡ ಬವೇರಿಯಾಕ್ಕೆ ಸೇರಿತು. ಇನ್ನೊಂದು ದಡ ರಾಯ್ಸ್ ಎಂಬ ಚಿಕ್ಕ ಸಂಸ್ಥಾನದಲ್ಲೇ ಉಳಿಯಿತು. ಹಳ್ಳದ ಉದ್ದಕ್ಕೂ ಗಡಿಗಲ್ಲುಗಳನ್ನು ನೆಟ್ಟು, ಅವುಗಳ ಮೇಲೆ ಎರಡೂ ರಾಜ್ಯಗಳ ಹೆಸರಿನ ಮೊದಲಕ್ಷರಗಳನ್ನು ಕೆತ್ತಲಾಯಿತು. ರಾಯ್ಸ್ 1920ರಲ್ಲಿ ಹೊಸದಾಗಿ ರೂಪುಗೊಂಡ ಥುರಿಂಗಿಯಾ ರಾಜ್ಯದಲ್ಲಿ ವಿಲೀನವಾದಾಗಲೂ ಗಡಿ ಇದ್ದಲ್ಲೇ ಇತ್ತು. ಆದರೆ ಕಂದಾಯ, ಕಚೇರಿಗಳ ವ್ಯವಹಾರ ಬಿಟ್ಟರೆ ಈ ಗೆರೆ ಯಾರನ್ನೂ ಬೇರ್ಪಡಿಸಿರಲಿಲ್ಲ. ಶಾಲೆಯೂ ಊರವರು ಸಂಜೆ ಸೇರುತ್ತಿದ್ದ ಪಾನಗೃಹವೂ ಥುರಿಂಗಿಯಾದ ಕಡೆಗಿದ್ದವು. ಭಾನುವಾರದ ಪ್ರಾರ್ಥನೆಗೆ ಎಲ್ಲರೂ ಬವೇರಿಯಾದ ಟೋಪೆನ್‌ನಲ್ಲಿರುವ ಚರ್ಚಿಗೆ ಹೋಗುತ್ತಿದ್ದರು. ಒಂದೇ ಮನೆತನದವರು ಎರಡೂ ದಡಗಳಲ್ಲಿ ಬದುಕಿದ್ದರು.

ಈ ಇತಿಹಾಸದ ನಿರ್ಣಾಯಕ ಘಟ್ಟ ಎಂದು ನಾನು ಭಾವಿಸುವುದು ಗೋಡೆ ಎದ್ದ ವರ್ಷವನ್ನಲ್ಲ, 1944ನ್ನು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಮಿತ್ರರಾಷ್ಟ್ರಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ಕುಳಿತು, ಸೋಲಲಿರುವ ಜರ್ಮನಿಯನ್ನು ಆಕ್ರಮಿತ ವಲಯಗಳಾಗಿ ಹಂಚಿಕೊಂಡರು. ಹಂಚಿಕೆಗೆ ಅವರು ಬಳಸಿದ್ದು ಹಳೆಯ ಆಡಳಿತ ಗಡಿಗಳನ್ನೇ. ಥುರಿಂಗಿಯಾ ಸೋವಿಯತ್ ವಲಯಕ್ಕೂ ಬವೇರಿಯಾ ಅಮೆರಿಕದ ವಲಯಕ್ಕೂ ಸೇರಿದಾಗ, ನೂರಾರು ವರ್ಷಗಳ ಹಿಂದಿನ ಸಂಸ್ಥಾನಗಳ ಎಲ್ಲೆಗಳೆಲ್ಲ ಒಮ್ಮೆಲೇ ಹೊಸ ಅರ್ಥ ಪಡೆದವು. 1945ರ ವಸಂತದಲ್ಲಿ ಥುರಿಂಗಿಯಾಕ್ಕೆ ಮೊದಲು ಬಂದವರು ಅಮೆರಿಕನ್ ಸೈನಿಕರೇ ಆಗಿದ್ದರೂ, ಒಪ್ಪಂದದಂತೆ ಜುಲೈನಲ್ಲಿ ಅದನ್ನು ಸೋವಿಯತ್ ಸೇನೆಗೆ ಬಿಟ್ಟುಕೊಟ್ಟರು. 1949ರಲ್ಲಿ ಎರಡು ಜರ್ಮನ್ ದೇಶಗಳು ಸ್ಥಾಪನೆಯಾದಾಗ, ಊರಿನ ಅರ್ಧ ಪಶ್ಚಿಮಕ್ಕೂ ಅರ್ಧ ಪೂರ್ವಕ್ಕೂ ಹಂಚಿಹೋಯಿತು.

ಮೊದಮೊದಲು ಪರವಾನಗಿ ಚೀಟಿ ತೋರಿಸಿ ಹಳ್ಳ ದಾಟಬಹುದಾಗಿತ್ತು. 1952ರ ಮೇ ತಿಂಗಳಲ್ಲಿ ಪೂರ್ವ ಜರ್ಮನಿ ಗಡಿಯುದ್ದಕ್ಕೂ 5 ಕಿಲೋಮೀಟರ್ ಅಗಲದ ನಿರ್ಬಂಧಿತ ವಲಯವನ್ನೂ, ಅದರೊಳಗೆ 500 ಮೀಟರಿನ ರಕ್ಷಣಾ ಪಟ್ಟಿಯನ್ನೂ, ಗಡಿಗೆ ತಾಗಿದಂತೆ ಉತ್ತು ಹದಮಾಡಿದ 10 ಮೀಟರಿನ ಬಯಲನ್ನೂ ಘೋಷಿಸಿತು. ಆ ಬಯಲಿನಲ್ಲಿ ಯಾರೇ ಕಾಲಿಟ್ಟರೂ ಹೆಜ್ಜೆ ಗುರುತು ಬೀಳಬೇಕು ಎಂಬುದು ಉದ್ದೇಶ. ಆಡಳಿತಕ್ಕೆ ನಂಬಿಕೆಯಿಲ್ಲದ ಕುಟುಂಬಗಳನ್ನು ಗಡಿಭಾಗದಿಂದ ಬಲವಂತವಾಗಿ ಎಬ್ಬಿಸಿ ಒಳನಾಡಿಗೆ ಸಾಗಿಸಲಾಯಿತು. ಮೋಡ್ಲಾರಾಯ್ಟ್‌ನಲ್ಲಿ ಮೊದಲು ಮರದ ಬೇಲಿ ಬಂತು, ಬಳಿಕ ಮುಳ್ಳುತಂತಿ, 1966ರಲ್ಲಿ 700 ಮೀಟರ್ ಉದ್ದದ, ಮೂರು ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಡೆ. ಅಮೆರಿಕನ್ ಸೈನಿಕರು ಊರನ್ನು ‘ಲಿಟಲ್ ಬರ್ಲಿನ್’ ಎಂದು ಕರೆಯತೊಡಗಿದರು.

ನನ್ನನ್ನು ಹೆಚ್ಚು ಕಲಕುವುದು ಕಾಂಕ್ರೀಟಿಗಿಂತ ಒಂದು ನಿಯಮ. ಪಶ್ಚಿಮದ ಕಡೆಯ ದಿಣ್ಣೆಯಲ್ಲಿ ನಿಂತು ಬಂಧುಗಳು ಕೈ ಬೀಸಿದರೆ, ಪೂರ್ವದಲ್ಲಿರುವವರು ತಿರುಗಿ ಕೈ ಬೀಸುವಂತಿರಲಿಲ್ಲ, ಮಾತನಾಡಿಸುವಂತೆಯೂ ಇರಲಿಲ್ಲ. ಕರೆದರೆ ಕೇಳುವಷ್ಟು ಹತ್ತಿರದ ಮನೆಗಳ ನಡುವೆ ಇಂಥ ಮೌನವನ್ನು ದಶಕಗಳ ಕಾಲ ಹೇರಿಟ್ಟ ಕ್ರೌರ್ಯ, ಕಾವಲು ಗೋಪುರಗಳಷ್ಟು ಸುಲಭವಾಗಿ ಛಾಯಾಚಿತ್ರಗಳಲ್ಲಿ ಕಾಣಿಸುವುದಿಲ್ಲ. ಇಲ್ಲಿನ ಗೋಡೆಯನ್ನು ದಾಟುವಲ್ಲಿ 1973ರಲ್ಲಿ ಒಬ್ಬ ಯಶಸ್ವಿಯಾದ. ಗೋಡೆಯ ಬುಡಕ್ಕೆ ವಾಹನ ತಂದು, ಏಣಿ ಬಳಸಿ ಆಚೆ ಹಾರಿದ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ 1983ರ ಫೆಬ್ರವರಿಯಲ್ಲಿ ಇಲ್ಲಿಗೆ ಭೇಟಿ ನೀಡಿದ ಮೇಲೆ ಊರಿನ ಹೆಸರು ಹೊರಗೆ ಇನ್ನಷ್ಟು ಕೇಳಿಬಂತು.

ಬರ್ಲಿನ್ ಗೋಡೆ ತೆರೆದುಕೊಂಡದ್ದು 1989ರ ನವೆಂಬರ್ 9ರಂದು. ಮೋಡ್ಲಾರಾಯ್ಟ್ ಸರಿಯಾಗಿ ಇನ್ನೊಂದು ತಿಂಗಳು ಕಾಯಬೇಕಾಯಿತು: ಡಿಸೆಂಬರ್ 9ರಂದು ಅಲ್ಲಿ ಪಾದಚಾರಿಗಳಿಗೆ ದಾರಿ ತೆರೆಯಿತು. 1990ರ ಜೂನ್ 17ರಂದು ಅಗೆಯುವ ಯಂತ್ರ ತಂದು ಗೋಡೆಯ ಬಹುಭಾಗವನ್ನು ಕೆಡವಲಾಯಿತು. 1953ರಲ್ಲಿ ಅದೇ ದಿನ ಪೂರ್ವ ಜರ್ಮನಿಯ ಕಾರ್ಮಿಕರು ಬಂಡೆದ್ದಿದ್ದರು. ಗೋಡೆಯ ಒಂದು ತುಂಡನ್ನು, ಕಾವಲು ಗೋಪುರ ಮತ್ತು ಬೇಲಿಗಳನ್ನು ಉಳಿಸಿಕೊಂಡು ಬಯಲು ವಸ್ತುಸಂಗ್ರಹಾಲಯ ಮಾಡಿದ್ದು ವಿವೇಕದ ಕೆಲಸ. ಸಿಟ್ಟಿನ ಭರದಲ್ಲಿ ಎಲ್ಲವನ್ನೂ ನೆಲಸಮ ಮಾಡಿದ್ದರೆ, ಇಷ್ಟು ಚಿಕ್ಕ ಊರಿನಲ್ಲಿ ಅಂಥದ್ದೊಂದು ನಡೆಯಿತೆಂದು ನಂಬುವುದೇ ಮುಂದಿನವರಿಗೆ ಕಷ್ಟವಾಗುತ್ತಿತ್ತು.

ಗೋಡೆ ಹೋಯಿತು, ಆದರೆ 1810ರ ಗಡಿ ಹೋಗಲಿಲ್ಲ. ಊರಿನ ಒಂದು ಭಾಗ ಇಂದಿಗೂ ಬವೇರಿಯಾದ ಟೋಪೆನ್‌ನ ಸ್ಥಳೀಯ ಆಡಳಿತಕ್ಕೂ, ಇನ್ನೊಂದು ಭಾಗ ಥುರಿಂಗಿಯಾದ ಗೆಫೆಲ್ ಪಟ್ಟಣಕ್ಕೂ ಸೇರಿದೆ. ಇಬ್ಬರು ಮೇಯರ್‌ಗಳು, ಎರಡು ಪಿನ್‌ಕೋಡ್‌ಗಳು, ಬೇರೆ ಬೇರೆ ದೂರವಾಣಿ ಸಂಕೇತಗಳು, ವಾಹನಗಳ ನೋಂದಣಿ ಫಲಕದ ಮೇಲೆ ಬೇರೆ ಬೇರೆ ಅಕ್ಷರಗಳು. ಎರಡನ್ನೂ ಒಂದೇ ರಾಜ್ಯಕ್ಕೆ ಸೇರಿಸಬಹುದಿತ್ತಲ್ಲ ಎಂದು ಓದುಗರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ನೂರಮೂವತ್ತಕ್ಕೂ ಹೆಚ್ಚು ವರ್ಷ ಊರವರು ಈ ಗಡಿಯೊಂದಿಗೆ ನೆಮ್ಮದಿಯಾಗಿಯೇ ಬಾಳಿದ್ದರು. ಈಗಲೂ ಹಾಗೆಯೇ ಬಾಳುತ್ತಿದ್ದಾರೆ.